ಎಷ್ಟು ಎಚ್‌ಪಿ ಸಾರ್? ಸುಟ್ಟ ಮೋಟರಿನ ನೇಮ್‌ಪ್ಲೇಟ್ ಜೊತೆ ಮಾತುಕತೆ

ಹಳೆಯ ಟೇಬಲ್ ಸಾ ಯಂತ್ರದ ಮೋಟರ್ ಸುಟ್ಟರೆ ಮರಗೆಲಸದ ಶೆಡ್ಡಿನಲ್ಲಿ ಅಭಿಪ್ರಾಯಗಳಿಗೆ ಬರವಿರುವುದಿಲ್ಲ. ಮಾಲೀಕರು, ಮೇಸ್ತ್ರಿ, ಎಲೆಕ್ಟ್ರಿಷಿಯನ್, ಚಹಾ ತಂದ ಹುಡುಗ, ಪಕ್ಕದ ವೆಲ್ಡಿಂಗ್ ಅಂಗಡಿಯವರು, ಎಲ್ಲರೂ ಮಾತಾಡುತ್ತಾರೆ. ಎಲ್ಲ ಮಾತೂ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಎಷ್ಟು ಎಚ್‌ಪಿ? ಮೋಟರ್ ಅಂಗಡಿಗೆ ಫೋನ್ ಮಾಡಿದರೆ ಅಲ್ಲಿಂದಲೂ ಅದೇ ಪ್ರಶ್ನೆ. ಉತ್ತರ ಬಲ್ಲವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವರು ಮೋಟರಿನ ಮೈಗೆ ರಿವೆಟ್ ಹೊಡೆಸಿಕೊಂಡು ಕೂತಿರುವ ಅಂಗೈಯಗಲದ ಅಲ್ಯೂಮಿನಿಯಂ ತಗಡು, ಅಂದರೆ ನೇಮ್‌ಪ್ಲೇಟ್. ಮೇಲೆ ಎರಡು ಕೋಟು ಹಸಿರು ಪೇಂಟು, ಪೇಂಟಿನ ಮೇಲೆ ಗ್ರೀಸು, ಗ್ರೀಸಿನ ಮೇಲೆ ತೇಗದ ಹೊಟ್ಟು. ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿದ ಮೇಲೆ ಕಂಡದ್ದು ಇಷ್ಟು: 2 ಎಚ್‌ಪಿ, 1.5 ಕಿಲೋವ್ಯಾಟ್, 415 ವೋಲ್ಟ್, 3 ಫೇಸ್, ಸ್ಟಾರ್, 3.4 ಆಂಪಿಯರ್, 50 ಹರ್ಟ್ಸ್, 1440 ಆರ್‌ಪಿಎಂ, ಫ್ರೇಮ್ 90ಎಲ್, ಡ್ಯೂಟಿ ಎಸ್1, ಐಪಿ 55. ಇಷ್ಟನ್ನೂ ಒಬ್ಬರು ಪೂರ್ತಿ ಓದಿದರಲ್ಲ ಎಂಬ ಆಶ್ಚರ್ಯಕ್ಕೇ ತಗಡು ಬಾಯಿ ಬಿಟ್ಟಿತು.

ಪ್ರಶ್ನೆ: ನಿಮ್ಮ ಮೈಮೇಲೆ ಮೊದಲು ಬರೆದಿರುವುದೇ 2 ಎಚ್‌ಪಿ ಅಂತ. ಜನ ಮೊದಲು ಅದನ್ನೇ ಕೇಳಿದರೆ ನಿಮಗೇಕೆ ಸಿಟ್ಟು?

ನೇಮ್‌ಪ್ಲೇಟ್: ಸಿಟ್ಟಲ್ಲ ಸ್ವಾಮಿ, ನನ್ನ ಮೇಲೆ ಹನ್ನೊಂದು ವಿವರ ಕೆತ್ತಿ, ಒಂದನ್ನೇ ಓದಿ ಹೋಗುತ್ತಾರಲ್ಲ ಅನ್ನುವ ಬೇಸರ. ಅದರಲ್ಲೂ ಆ ಒಂದು ಹುಟ್ಟಿದ್ದೇ ವ್ಯಾಪಾರಕ್ಕೆ. ಹದಿನೆಂಟನೇ ಶತಮಾನದ ಕೊನೆಗೆ ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರವನ್ನು ಕುದುರೆ ಕಟ್ಟಿ ಗಾಣ ತಿರುಗಿಸುವವರಿಗೆ ಮಾರಬೇಕಿತ್ತು. ಒಂದು ಕುದುರೆ ನಿಮಿಷಕ್ಕೆ 33,000 ಅಡಿ-ಪೌಂಡ್ ಕೆಲಸ ಮಾಡುತ್ತದೆ ಎಂದು ಲೆಕ್ಕ ಕಟ್ಟಿದ. ಸಾಮಾನ್ಯ ಕುದುರೆ ದಿನವಿಡೀ ಅಷ್ಟು ದುಡಿಯಲಾರದು. ಆಮೇಲೆ ಇಂಗ್ಲೆಂಡಿನ ಕುದುರೆ 746 ವ್ಯಾಟ್ ಆಯಿತು, ಜರ್ಮನಿಯದು 736ಕ್ಕೇ ನಿಂತಿತು. ಇಷ್ಟರ ಮಟ್ಟಿಗೆ ಪರವಾಗಿಲ್ಲ. ಆದರೆ ಸಿಂಗಲ್ ಫೇಸಿನ ಅಗ್ಗದ ಮೋಟರುಗಳ ಪ್ಲೇಟು ನೋಡಿ. ತೊಂಬತ್ತರ ದಶಕದಲ್ಲಿ ಅಂಗೈಯಷ್ಟು ಸ್ಪೀಕರಿನ ಡಬ್ಬಿಯ ಮೇಲೆ ಸಾವಿರ ವ್ಯಾಟ್ ಪಿಎಂಪಿಒ ಅಂತ ಬರೆಯುತ್ತಿದ್ದರಲ್ಲ, ಅದೇ ಕುಲ. 3 ಎಚ್‌ಪಿ ಅಂತ ದಪ್ಪಕ್ಷರ, ಕೆಳಗೆ ಸಣ್ಣದಾಗಿ 230 ವೋಲ್ಟ್, 6 ಆಂಪಿಯರ್. ಗುಣಿಸಿ ನೋಡಿ: 1380 ವ್ಯಾಟ್. ಲೈನಿನಿಂದ ಎಳೆದ ಕರೆಂಟಿನ ಒಂದು ಹನಿಯೂ ಶಾಖವಾಗಿ ಸೋರದಿದ್ದರೂ ಅದು 1.85 ಎಚ್‌ಪಿ. ಸೋರದ ಮೋಟರ್ ಭೂಮಿಯ ಮೇಲಿಲ್ಲ. ಅಮೆರಿಕದಲ್ಲಿ ಮನೆಯ ಪ್ಲಗ್ಗು ಕೊಡುವುದೇ 120 ವೋಲ್ಟಿನಲ್ಲಿ 15 ಆಂಪಿಯರ್, 1800 ವ್ಯಾಟ್. ಅದೇ ಪ್ಲಗ್ಗಿಗೆ ಸಿಕ್ಕಿಸುವ ಗರಗಸಗಳ ಮೇಲೂ ‘3 ಎಚ್‌ಪಿ’ ಬರೆದು ಮಾರಿದರು. ಏರ್ ಕಂಪ್ರೆಸರುಗಳ ವಿಷಯದಲ್ಲಿ ಇಂಥ ಬರಹ ಸಾಮೂಹಿಕ ದಾವೆಯವರೆಗೂ ಹೋಯಿತು. ಎಚ್‌ಪಿ ಸುಳ್ಳು ಹೇಳಬಹುದು. ಆಂಪಿಯರ್ ಅಷ್ಟು ಸುಲಭವಾಗಿ ಹೇಳಲಾರದು, ಏಕೆಂದರೆ ಅದನ್ನು ಕ್ಲ್ಯಾಂಪ್ ಮೀಟರ್ ಹಿಡಿದ ಯಾವ ಎಲೆಕ್ಟ್ರಿಷಿಯನ್ ಬೇಕಾದರೂ ಪರೀಕ್ಷಿಸಬಲ್ಲ.

ಈ ವಾದದಲ್ಲಿ ತಗಡಿನ ಸ್ವಾರ್ಥವೂ ಇದೆ ಎಂದು ಓದುಗರು ಅನುಮಾನಿಸಬಹುದು. ತನ್ನ ಮೈಮೇಲಿನ ಇತರ ಅಂಕಿಗಳಿಗೂ ಮರ್ಯಾದೆ ಸಿಗಲಿ ಎಂಬ ಆಸೆ ಯಾವ ತಗಡಿಗಿಲ್ಲ? ಆದರೆ ಲೆಕ್ಕ ಅದರ ಪರವಾಗಿದೆ. ಎಚ್‌ಪಿ ಎನ್ನುವುದು ಮೋಟರ್ ಎಷ್ಟು ಹೊರೆ ಹೊರಬಲ್ಲದು ಎಂಬುದನ್ನಷ್ಟೇ ಹೇಳುತ್ತದೆ. ಆ ಮೋಟರ್ ಈ ಯಂತ್ರದ ಕೆಳಗೆ ಕೂರುತ್ತದೆಯೇ, ಪುಲ್ಲಿ ಅದರ ಶಾಫ್ಟಿಗೆ ಹತ್ತುತ್ತದೆಯೇ, ಬ್ಲೇಡು ತಕ್ಕ ವೇಗದಲ್ಲಿ ತಿರುಗುತ್ತದೆಯೇ ಎಂಬ ಮೂರಕ್ಕೂ ಅದರಲ್ಲಿ ಉತ್ತರವಿಲ್ಲ. ಚಪ್ಪಲಿ ಅಂಗಡಿಗೆ ಹೋಗಿ ಕಾಲಿನ ಅಳತೆ ಬಿಟ್ಟು, ನಾನು ದಿನಕ್ಕೆ ಹತ್ತು ಮೈಲಿ ನಡೆಯಬಲ್ಲೆ ಎಂದು ಹೇಳಿದಂತೆ.

ಪ್ರಶ್ನೆ: ಹಾಗಾದರೆ ಮೊದಲು ಓದಬೇಕಾದ್ದು ಯಾವುದು?

ನೇಮ್‌ಪ್ಲೇಟ್: ಆರ್‌ಪಿಎಂ. 50 ಹರ್ಟ್ಸಿನ ಕರೆಂಟಿನಲ್ಲಿ ಇಂಡಕ್ಷನ್ ಮೋಟರಿಗೆ ವೇಗವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಎರಡು ಪೋಲ್ ಇದ್ದರೆ ಕಾಂತಕ್ಷೇತ್ರ ನಿಮಿಷಕ್ಕೆ 3000 ಸುತ್ತು, ನಾಲ್ಕು ಪೋಲ್ ಇದ್ದರೆ 1500. ರೋಟರ್ ಅದರ ಹಿಂದೆ ಸ್ವಲ್ಪ ತಡವಾಗಿ ಓಡುತ್ತದೆ, ಆ ತಡ ಇಲ್ಲದಿದ್ದರೆ ತಿರುಗಿಸುವ ಬಲವೇ ಹುಟ್ಟದು. ಅದಕ್ಕೇ ನನ್ನ ಮೇಲೆ 1440. ಪೂರ್ತಿ ಹೊರೆಯಲ್ಲೂ ಸರಿಯಾಗಿ 1500 ತಿರುಗುತ್ತೇನೆ ಎಂದು ಬರೆದುಕೊಂಡ ಇಂಡಕ್ಷನ್ ಮೋಟರ್ ಸಿಕ್ಕರೆ ಅದರ ಉಳಿದ ಮಾತನ್ನೂ ನಂಬಬೇಡಿ. ಈಗ ಪುಲ್ಲಿಗೆ ಬನ್ನಿ. ಈ ಯಂತ್ರದಲ್ಲಿ ಮೋಟರಿನ ಪುಲ್ಲಿ 8 ಅಂಗುಲ, ಬ್ಲೇಡಿನ ಶಾಫ್ಟಿನದು 3 ಅಂಗುಲ. 1440ನ್ನು 8ರಿಂದ ಗುಣಿಸಿ 3ರಿಂದ ಭಾಗಿಸಿದರೆ 3840. 12 ಅಂಗುಲದ ಬ್ಲೇಡು ಆ ವೇಗದಲ್ಲಿ ತಿರುಗಿದರೆ ಹಲ್ಲಿನ ತುದಿ ಸೆಕೆಂಡಿಗೆ 61 ಮೀಟರ್ ಓಡುತ್ತದೆ. ಕಾರ್ಬೈಡ್ ಹಲ್ಲಿಗೆ ಮರ ಕೊಯ್ಯಲು ಹಿತವಾದ ವೇಗ ಅದು. ಈ ಪುಲ್ಲಿಗಳನ್ನು ಆರಿಸಿದವನು ನನ್ನನ್ನು ಓದಿ ಆರಿಸಿದ್ದ.

ಈಗ ಅಂಗಡಿಯಲ್ಲಿ ನಡೆಯುವುದನ್ನು ಕೇಳಿ. 90ಎಲ್ ಎಂಬ ಇದೇ ಮೈಯಳತೆಯಲ್ಲಿ ನಾಲ್ಕು ಪೋಲಿನ 2 ಎಚ್‌ಪಿ ಮೋಟರೂ ಬರುತ್ತದೆ, ಎರಡು ಪೋಲಿನ 3 ಎಚ್‌ಪಿ ಮೋಟರೂ ಬರುತ್ತದೆ. ಅದೇ ಎತ್ತರ, ಅದೇ ಬೋಲ್ಟ್ ತೂತು, ಅದೇ ಶಾಫ್ಟು, ಹೊರಗಿನಿಂದ ಅವಳಿಗಳು. ‘ಬಾಡಿ ಸೇಮ್ ಸಾರ್, ಒಂದು ಎಚ್‌ಪಿ ಜಾಸ್ತಿ’ ಎಂದು ಅಂಗಡಿಯಾತ ಹೇಳುತ್ತಾನೆ. ಸುಳ್ಳು ಹೇಳಿದ್ದಲ್ಲ. ಗಿರಾಕಿ ಸಂತೋಷದಿಂದ ಹೊತ್ತುಕೊಂಡು ಬಂದು ಬೋಲ್ಟ್ ಬಿಗಿಯುತ್ತಾನೆ, ಎಲ್ಲ ಲಕ್ಷಣವಾಗಿ ಕೂರುತ್ತದೆ. ಸ್ವಿಚ್ ಒತ್ತುತ್ತಾನೆ. 2880 ಗುಣಿಸು 8, ಭಾಗಿಸು 3: 7680. ಹಲ್ಲಿನ ತುದಿ ಈಗ ಗಂಟೆಗೆ 440 ಕಿಲೋಮೀಟರ್ ವೇಗದಲ್ಲಿದೆ. ವೇಗ ಇಮ್ಮಡಿಯಾದರೆ ಹಲ್ಲನ್ನು ಬ್ಲೇಡಿನಿಂದ ಕಿತ್ತೆಸೆಯುವ ಬಲ ನಾಲ್ಕು ಪಟ್ಟಾಗುತ್ತದೆ. ಬ್ಲೇಡಿನ ಮೇಲೆ ಅಚ್ಚಾದ ಗರಿಷ್ಠ ಆರ್‌ಪಿಎಂ ಇದಕ್ಕಿಂತ ಬಹಳ ಕೆಳಗೆ ಎಲ್ಲೋ ಉಳಿದಿರುತ್ತದೆ. ಎಷ್ಟು ಎಚ್‌ಪಿ ಅಂತ ಕೇಳಿದವರಿಗೆ ಒಂದು ಎಚ್‌ಪಿ ಹೆಚ್ಚೇ ಸಿಕ್ಕಿತಲ್ಲ!

ಪ್ರಶ್ನೆ: ಈಗಿನ ಕಾಲದಲ್ಲಿ ಕರೆಂಟಿನ ಹರ್ಟ್ಸನ್ನೇ ಬದಲಿಸುವ ವಿಎಫ್‌ಡಿ ಇದೆಯಲ್ಲ. ಅದನ್ನು ಹಾಕಿ ವೇಗವನ್ನು ಬೇಕಾದಷ್ಟಕ್ಕೆ ಇಳಿಸಿಕೊಳ್ಳಬಹುದು ಎನ್ನುತ್ತಾರೆ.

ನೇಮ್‌ಪ್ಲೇಟ್: ಇಳಿಸಬಹುದು. 25 ಹರ್ಟ್ಸಿಗೆ ಇಳಿಸಿದರೆ ಆ 3 ಎಚ್‌ಪಿ ಮೋಟರ್ 1440ರ ಆಸುಪಾಸಿನಲ್ಲೇ ತಿರುಗುತ್ತದೆ. ಆದರೆ ತಿರುಚುಬಲ ಅಷ್ಟೇ ಇದ್ದು ವೇಗ ಅರ್ಧವಾದರೆ ಶಕ್ತಿಯೂ ಅರ್ಧ. 3 ಎಚ್‌ಪಿಗೆ ದುಡ್ಡು ಕೊಟ್ಟು, ಮೇಲೆ ವಿಎಫ್‌ಡಿಗೂ ಕೊಟ್ಟು, ಮನೆಗೆ ತಂದದ್ದು ಒಂದೂವರೆ. ಮೋಟರಿನ ಬೆನ್ನ ಮೇಲಿನ ಫ್ಯಾನ್ ಕೂಡ ಅದೇ ಶಾಫ್ಟಿನಲ್ಲಿರುವುದರಿಂದ ಗಾಳಿಯೂ ಕಡಿಮೆ. ಯಾರೋ ಒಬ್ಬ ಹೆಲ್ಪರ್ ನಾಬ್ ತಿರುಗಿಸಿದನೆಂದರೆ ಮತ್ತೆ 7680. ವಿಎಫ್‌ಡಿಗೆ ಬೇರೆ ಒಳ್ಳೆಯ ಉಪಯೋಗವಿದೆ. ಮನೆಯಲ್ಲಿ ಸಿಂಗಲ್ ಫೇಸ್ ಮಾತ್ರ ಇದ್ದವರು ಅದರಿಂದ 3 ಫೇಸ್ ಮೋಟರ್ ಓಡಿಸಬಹುದು. ಆದರೆ ಅದರಿಂದ ಹೊರಬರುವುದು 230 ವೋಲ್ಟ್. ನನ್ನಂಥ ಸ್ಟಾರ್ ಕನೆಕ್ಷನ್ನಿನ ಮೋಟರನ್ನು ಡೆಲ್ಟಾಗೆ ಬದಲಿಸಬೇಕು, ಅದಕ್ಕೆ ಟರ್ಮಿನಲ್ ಬಾಕ್ಸಿನಲ್ಲಿ ಆರು ವೈರು ಹೊರಗೆ ಬಂದಿರಬೇಕು. ಮೂರೇ ಬಂದಿದ್ದರೆ ಆ ಆಸೆ ಬಿಡಿ.

ಪ್ರಶ್ನೆ: ಆರ್‌ಪಿಎಂ ಸರಿಯಾಗಿ ನೋಡಿಕೊಂಡೇ 3 ಎಚ್‌ಪಿ ತಂದರೋ? ತೇಗ, ಹೊನ್ನೆ, ಹಲಸು ಕೊಯ್ಯುವವರಿಗೆ ಶಕ್ತಿ ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೆ? ಹೊರೆ ಇಲ್ಲದಾಗ ದೊಡ್ಡ ಮೋಟರೇನೂ ಹೆಚ್ಚು ಕರೆಂಟು ತಿನ್ನುವುದಿಲ್ಲ.

ಈ ಆಕ್ಷೇಪಕ್ಕೆ ತಗಡು ಸ್ವಲ್ಪ ಹೊತ್ತು ಸುಮ್ಮನಿತ್ತು. ಸುಮ್ಮನಿರಬೇಕಾದ ಮಾತೇ ಹೌದು. ದೊಡ್ಡ ಮೋಟರ್ ತಂದಾಕ್ಷಣ ಬ್ಲೇಡಿಗೆ ಹೆಚ್ಚು ಬಲ ಬಿದ್ದುಬಿಡುವುದಿಲ್ಲ, ಮರ ಎಷ್ಟು ಕೇಳುತ್ತದೋ ಅಷ್ಟನ್ನೇ ಮೋಟರ್ ಕೊಡುತ್ತದೆ. ಹೆಚ್ಚಿನದು ಕಾದಿರುತ್ತದೆ, ಮೈ ತಂಪಾಗಿರುತ್ತದೆ. ಹಾಗಾಗಿ ಎಚ್‌ಪಿ ಏರಿಸುವುದೇ ತಪ್ಪು ಎಂದು ವಾದಿಸಿದರೆ ಅದು ಹಟವಾಗುತ್ತದೆ.

ನೇಮ್‌ಪ್ಲೇಟ್: ತಪ್ಪು ಅನ್ನುವುದಿಲ್ಲ. ಆದರೆ ಎಚ್‌ಪಿ ಒಂಟಿಯಾಗಿ ಏರುವುದಿಲ್ಲ, ಅದನ್ನು ಮರೆಯುತ್ತೀರಿ. ನಾಲ್ಕು ಪೋಲಿನಲ್ಲೇ 3 ಎಚ್‌ಪಿ ಬೇಕೆಂದರೆ ಫ್ರೇಮ್ 90ಎಲ್‌ನಿಂದ 100ಎಲ್‌ಗೆ ಹೋಗುತ್ತದೆ. ಶಾಫ್ಟಿನ ಮಧ್ಯಬಿಂದು 90 ಮಿಲಿಮೀಟರ್ ಎತ್ತರದಲ್ಲಿದ್ದದ್ದು 100ಕ್ಕೆ, ಶಾಫ್ಟಿನ ದಪ್ಪ 24 ಇದ್ದದ್ದು 28ಕ್ಕೆ, ಬೋಲ್ಟ್ ತೂತುಗಳ ಅಂತರ 140 ಗುಣಿಸು 125 ಇದ್ದದ್ದು 160 ಗುಣಿಸು 140ಕ್ಕೆ. ಪುಲ್ಲಿಯ ರಂಧ್ರ ಕೊರೆಸಬೇಕು, ಬೆಲ್ಟ್ ಅಳತೆ ಬದಲಾಗಬಹುದು, ಟೇಬಲ್ಲಿನ ಕೆಳಗೆ ಬ್ಲೇಡು ವಾಲಿಸಿದಾಗ ಮೋಟರಿನ ಬೆನ್ನು ಕಾಲಿಗೆ ತಾಗಬಹುದು. ಆಮೇಲೆ ಸ್ಟಾರ್ಟರಿನೊಳಗಿನ ಓವರ್‌ಲೋಡ್ ರಿಲೇ. ಅದು ನನ್ನ 3.4 ಆಂಪಿಯರಿಗೆ ಹೊಂದಿಸಿದ್ದು. ಹೊಸ ಮೋಟರ್ ಹೊರೆ ಹೊತ್ತಾಗ ಅದು ಟ್ರಿಪ್ ಆಗುತ್ತದೆ, ಯಾರೋ ಬಂದು ಡಯಲನ್ನು ಕೊನೆಯವರೆಗೆ ತಿರುಗಿಸುತ್ತಾರೆ, ಅಲ್ಲಿಗೆ ಕಾವಲುಗಾರನಿಗೆ ನಿದ್ದೆ. ಇದನ್ನೆಲ್ಲ ಒಟ್ಟಿಗೆ ಬದಲಿಸುವ ಮನಸ್ಸಿದ್ದರೆ ಧಾರಾಳವಾಗಿ ದೊಡ್ಡದು ತನ್ನಿ. ಇನ್ನು ಮರ ಕೊಯ್ಯದೆ ಮೋಟರ್ ಉಸಿರುಗಟ್ಟುವುದು ಎಚ್‌ಪಿ ಸಾಲದೆ ಮಾತ್ರವಲ್ಲ. ಮೊಂಡು ಬ್ಲೇಡು, ಹಲ್ಲಿಗೆ ಮೆತ್ತಿದ ಅಂಟು, ಸಡಿಲ ಬೆಲ್ಟು, ಬ್ಲೇಡಿಗೆ ಸಮಾಂತರವಾಗಿಲ್ಲದ ಫೆನ್ಸು, ಈ ನಾಲ್ಕನ್ನು ಸರಿಪಡಿಸಿದ ಮೇಲೂ ಸಾಲದಿದ್ದರೆ ಆಗ ಬನ್ನಿ, ಮಾತಾಡೋಣ.

ಪ್ರಶ್ನೆ: ಫ್ರೇಮ್ ನಂಬರಿಗೆ ಇಷ್ಟೊಂದು ಮಹತ್ವ ಕೊಡುತ್ತೀರಿ. ನಿಮ್ಮನ್ನು ಮಾಡಿದ ಕಂಪನಿಯೇ ಇಲ್ಲದಿದ್ದರೆ ಆ ನಂಬರನ್ನು ಇಟ್ಟುಕೊಂಡು ಏನು ಮಾಡುವುದು?

ನೇಮ್‌ಪ್ಲೇಟ್: ಕಂಪನಿ ಇಲ್ಲದಾಗಲೇ ಅದು ಬೇಕು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ನೆನಪಿದೆಯಲ್ಲ? ಜರ್ಮನಿಯ ಎಇಜಿ ಸಹಯೋಗದಲ್ಲಿ ಬೆಳೆದ ಸರ್ಕಾರಿ ಕಾರ್ಖಾನೆ. ಅದು ಬಾಗಿಲು ಹಾಕಿ ಎರಡು ದಶಕ ದಾಟಿತು, ಅಲ್ಲಿಂದ ಹೊರಬಂದ ಮೋಟರುಗಳು ಇನ್ನೂ ಎಲ್ಲೆಲ್ಲೋ ದುಡಿಯುತ್ತಿವೆ. ಅಂಥದ್ದೊಂದು ಸತ್ತರೆ ಅದೇ ಹೆಸರಿನ ಹೊಸದು ಹುಡುಕುತ್ತ ಎಸ್.ಪಿ. ರೋಡಿನಲ್ಲಿ ಅಲೆಯಬೇಕಾಗಿಲ್ಲ. ಮೈಯಳತೆಯನ್ನು ನಿರ್ಧರಿಸುವುದು ಕಾರ್ಖಾನೆಯಲ್ಲ, ಅಂತರರಾಷ್ಟ್ರೀಯ ಮಾನಕ. ಭಾರತದಲ್ಲಿ ಅದೇ ಅಳತೆಗಳನ್ನು ಹೇಳುವುದು ಐಎಸ್ 1231. 90ಎಲ್ ಎಂದರೆ ಬೆಂಗಳೂರಿನಲ್ಲಿ ಮಾಡಿದರೂ ಬರ್ಲಿನ್ನಿನಲ್ಲಿ ಮಾಡಿದರೂ 24 ಮಿಲಿಮೀಟರ್ ಶಾಫ್ಟು, 8 ಮಿಲಿಮೀಟರ್ ಅಗಲದ ಕೀ. ಹಾಗಾಗಿ ಕಂಪನಿ ಯಾವುದು ಎಂಬುದು ಎರಡನೇ ಮಾತು.

ತೊಂದರೆ ಇರುವುದು ಅಂಗುಲದ ಕಾಲದ ಯಂತ್ರಗಳಲ್ಲಿ. ಹಳೆಯ ಅಮೆರಿಕನ್ ಗರಗಸದಲ್ಲಿ ‘56’ ಎಂಬ ಫ್ರೇಮ್ ಇರುತ್ತದೆ. ಅದರ ಶಾಫ್ಟಿನ ಎತ್ತರ ಮೂರೂವರೆ ಅಂಗುಲ, 88.9 ಮಿಲಿಮೀಟರ್. ನಮ್ಮ 90ಕ್ಕೆ ಹತ್ತಿರವೇ ಎಂದು ಖುಷಿಪಟ್ಟರೆ ಶಾಫ್ಟಿನ ದಪ್ಪ ಐದೆಂಟಾಂಶ ಅಂಗುಲ, ಹದಿನಾರು ಮಿಲಿಮೀಟರಿಗೂ ತುಸು ಕಡಿಮೆ. ಇನ್ನೊಂದು ಕಿಲಾಡಿ ಮುಕ್ಕಾಲು ಅಂಗುಲದ ಶಾಫ್ಟು: 19.05 ಮಿಲಿಮೀಟರ್. ಮೆಟ್ರಿಕ್ಕಿನ 80 ಫ್ರೇಮಿನದು 19. ಕಣ್ಣಿಗೆ ಎರಡೂ ಒಂದೇ. ಆದರೆ ಮುಕ್ಕಾಲು ಅಂಗುಲದ ಪುಲ್ಲಿ 19ರ ಶಾಫ್ಟಿಗೆ ಸರಾಗವಾಗಿ ಹತ್ತುತ್ತದೆ, ಹತ್ತಿ ದಿನವಿಡೀ ನಡುಗುತ್ತದೆ. 60 ಹರ್ಟ್ಸಿಗೆ ಮಾಡಿದ ಆ ಯಂತ್ರದ 3450 ಆರ್‌ಪಿಎಂ ಇಲ್ಲಿಯ 50 ಹರ್ಟ್ಸಿನಲ್ಲಿ 2875ಕ್ಕೆ ಇಳಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ಲೇಥ್ ಅಂಗಡಿ ಇರುವುದು ಇದಕ್ಕೇ ತಾನೆ? ‘ಅಡ್ಜಸ್ಟ್ ಆಗುತ್ತೆ ಸಾರ್’ ಎನ್ನುವವರ ಭರವಸೆಯಿಂದಲೇ ನಮ್ಮ ಊರಿನ ಅರ್ಧ ಯಂತ್ರಗಳು ಓಡುತ್ತಿವೆ.

ನೇಮ್‌ಪ್ಲೇಟ್: ಆ ಅರ್ಧವನ್ನು ನಾನು ಹೀಯಾಳಿಸುವುದಿಲ್ಲ. ಬೆಲ್ಟಿನ ಗರಗಸ ಉದಾರ ಸ್ವಭಾವದ್ದು. ಬೋಲ್ಟ್ ತೂತು ಕೂಡದಿದ್ದರೆ ನಡುವೆ ದಪ್ಪ ಎಂಎಸ್ ಪ್ಲೇಟು ಇಟ್ಟು ಹೊಸ ತೂತು ಕೊರೆಯಿರಿ, ಯಾರಿಗೂ ನಷ್ಟವಿಲ್ಲ. ಪುಲ್ಲಿಯ ರಂಧ್ರ ಸಣ್ಣದಾದರೆ ಬೋರ್ ಮಾಡಿಸಿ, ಕೀ ಹೊಸದಾಗಿ ಹೊಡೆಸಿ. ಕೆಟ್ಟರೆ ಹೋಗುವುದು ಒಂದು ಪುಲ್ಲಿ. ಆದರೆ ಹೊಸ ಮೋಟರಿನ ಶಾಫ್ಟನ್ನೇ ಲೇಥಿಗೆ ಕೊಟ್ಟು ಸಣ್ಣಗೆ ಮಾಡಿಸುತ್ತಾರಲ್ಲ, ಅದು ಅಡ್ಜಸ್ಟ್‌ಮೆಂಟ್ ಅಲ್ಲ. ಮೆಟ್ಟಿಲು ಬಿದ್ದ ಜಾಗದಲ್ಲೇ ಬೆಲ್ಟಿನ ಎಳೆತ ಪೂರ್ತಿ ಬಂದು ಕೂರುತ್ತದೆ, ಒಂದು ದಿನ ಅಲ್ಲಿಯೇ ತುಂಡಾಗುತ್ತದೆ. ಬ್ಲೇಡು ನೇರವಾಗಿ ಮೋಟರಿನ ಶಾಫ್ಟಿಗೇ ಕೂರುವ ಗರಗಸದಲ್ಲಂತೂ ಯಾವ ಹೊಂದಾಣಿಕೆಗೂ ಜಾಗವಿಲ್ಲ, ಆ ಕಂಪನಿಯ ಆ ಮೋಟರೇ ಬೇಕು, ಇಲ್ಲವೇ ರೀವೈಂಡಿಂಗ್.

ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಬೇರೆ ಜಾತಿಯ ಮೋಟರುಗಳ ಬಗ್ಗೆ ತಗಡು ಹೆಚ್ಚು ಮಾತಾಡಲಿಲ್ಲ. ಮಾತಾಡುವಂಥದ್ದೂ ಇಲ್ಲ. ನೀರಿನ ಮೊನೊಬ್ಲಾಕ್ ಪಂಪಿನ ಶಾಫ್ಟು ಪಂಪಿನ ಚಕ್ರಕ್ಕೆಂದೇ ಕಡೆದದ್ದು, ಪಕ್ಕಕ್ಕೆ ಎಳೆಯುವ ಬೆಲ್ಟಿಗಲ್ಲ. ವಾಷಿಂಗ್ ಮಷೀನಿನ ಬ್ರಷ್ ಮೋಟರ್ ಹೊರೆ ಇಲ್ಲದಾಗ ಹತ್ತು ಸಾವಿರ ಆರ್‌ಪಿಎಂ ದಾಟಿ ಅರಚುತ್ತದೆ. ತೆರೆದ ಮೈಯ ಮೋಟರಿನೊಳಗೆ ಹೊಟ್ಟು ನುಗ್ಗಿ ವೈಂಡಿಂಗಿಗೆ ಕಂಬಳಿ ಹೊದಿಸುತ್ತದೆ. ಗರಗಸಕ್ಕೆ ಮುಚ್ಚಿದ ಮೈಯ, ಬೆನ್ನಿಗೆ ಫ್ಯಾನಿರುವ ಮೋಟರೇ ಬೇಕು. ಐಪಿ 55ರಲ್ಲಿ ಮೊದಲ 5 ಹೇಳುವುದು ಧೂಳಿನ ವಿಷಯ. ಎಸ್1 ಎಂದರೆ ನಿಲ್ಲದೆ ದುಡಿಯಬಲ್ಲದು ಎಂದರ್ಥ. ಹೊಸ ಮೋಟರಿನ ಮೇಲೆ ಎಸ್1 ಬದಲು ಎಸ್2 ಅಥವಾ ಎಸ್3 ಕಂಡರೆ ಅದರ ಎಚ್‌ಪಿ ಸ್ವಲ್ಪ ಹೊತ್ತಿನ ಎಚ್‌ಪಿ.

ಪ್ರಶ್ನೆ: ಹೊಸ ಮೋಟರ್ ಬೇಡ, ರೀವೈಂಡ್ ಮಾಡಿಸಿ ಎನ್ನುವವರೂ ಇದ್ದಾರೆ. ಅದರಿಂದ ದಕ್ಷತೆ ಬೀಳುತ್ತದೆ, ಹೊಸ ಐಇ3 ಮೋಟರ್ ಕರೆಂಟ್ ಬಿಲ್ ಉಳಿಸುತ್ತದೆ ಎಂದು ಅಂಗಡಿಯವರ ವಾದ.

ನೇಮ್‌ಪ್ಲೇಟ್: ದಿನಕ್ಕೆ ಹದಿನಾರು ಗಂಟೆ ಓಡುವ ಪಂಪಿಗೆ, ಕಾರ್ಖಾನೆಯ ಬ್ಲೋವರಿಗೆ ಆ ವಾದ ನೂರಕ್ಕೆ ನೂರು ಸರಿ. ದಿನಕ್ಕೆ ಗಂಟೆಯೋ ಎರಡೋ ನಿಜವಾಗಿ ಮರ ಕೊಯ್ಯುವ ಯಂತ್ರಕ್ಕೆ ಆ ಉಳಿತಾಯದಿಂದ ಮೋಟರಿನ ಬೆಲೆ ವಾಪಸು ಬರುವಷ್ಟರಲ್ಲಿ ಮಾಲೀಕರಿಗೆ ಮೊಮ್ಮಕ್ಕಳಾಗಿರುತ್ತಾರೆ. ರೀವೈಂಡಿಂಗಿನಲ್ಲಿ ನನ್ನ ಮೇಲಿನ ಎಲ್ಲ ಅಂಕಿಯೂ ಹಾಗೇ ಉಳಿಯುತ್ತದೆ, ಪುಲ್ಲಿಯಿಂದ ಬೋಲ್ಟಿನವರೆಗೆ ಏನನ್ನೂ ಮುಟ್ಟಬೇಕಿಲ್ಲ. ಶರತ್ತು ಎರಡು. ಹಳೆಯ ತಂತಿಯ ಸುತ್ತು ಮತ್ತು ಗೇಜು ಎಣಿಸಿ ಅಷ್ಟನ್ನೇ ತಾಮ್ರದಲ್ಲಿ ಸುತ್ತಬೇಕು. ಸುಟ್ಟ ತಂತಿ ತೆಗೆಯಲು ಸ್ಟೇಟರನ್ನು ಬೆಂಕಿಗೆ ಒಡ್ಡಿ ಕೆಂಪಗೆ ಕಾಯಿಸಬಾರದು; ಕಾಯಿಸಿದರೆ ಕಬ್ಬಿಣದ ಪದರಗಳ ನಡುವಿನ ಲೇಪ ಹೋಗಿ ಮೋಟರ್ ಹೊರೆ ಇಲ್ಲದೆ ಓಡುವಾಗಲೂ ಬಿಸಿಯೇರುತ್ತದೆ. ಈ ಎರಡು ಮಾತಿಗೆ ಒಪ್ಪದ ವೈಂಡಿಂಗ್ ಅಂಗಡಿಯಾದರೆ ಹೊಸ 90ಎಲ್ ತನ್ನಿ, ನನಗೆ ಬೇಸರವಿಲ್ಲ. ಹೊಸದು ಬಂದ ಮೇಲೆ ಬೆಲ್ಟ್ ಹಾಕುವ ಮುನ್ನ ಒಮ್ಮೆ ಖಾಲಿ ಓಡಿಸಿ ದಿಕ್ಕು ನೋಡಿ. ಉಲ್ಟಾ ತಿರುಗಿದರೆ ಮೂರು ವೈರಿನಲ್ಲಿ ಯಾವ ಎರಡನ್ನಾದರೂ ಅದಲುಬದಲು ಮಾಡಿ. ಬ್ಲೇಡು ಉಲ್ಟಾ ತಿರುಗಿದರೆ ಅದನ್ನು ಹಿಡಿದ ನಟ್ಟು ಬಿಗಿಯುವ ಬದಲು ಬಿಚ್ಚಿಕೊಳ್ಳುತ್ತದೆ.

ಪ್ರಶ್ನೆ: ಕೊನೆಗೆ ಒಂದು ಅಧಿಕಪ್ರಸಂಗದ ಪ್ರಶ್ನೆ. ನೀವು ಸತ್ತದ್ದು ಹೇಗೆ?

ನೇಮ್‌ಪ್ಲೇಟ್: ಅಬ್ಬ, ಕೇಳಿದಿರಲ್ಲ! ಶವಪರೀಕ್ಷೆ ಮಾಡಿಸದೆ ಉತ್ತರಾಧಿಕಾರಿಯನ್ನು ಹುಡುಕುವವರೇ ಹೆಚ್ಚು. ಮೋಟರಿನ ಮುಚ್ಚಳ ಬಿಚ್ಚಿದರೆ ಸುರುಳಿಗಳೇ ಹೇಳುತ್ತವೆ. ಮೂರು ಫೇಸಿನ ಸುರುಳಿಗಳೂ ಒಂದೇ ಸಮನೆ ಕರಕಲಾಗಿದ್ದರೆ ಹೊರೆ ಹೆಚ್ಚಾಗಿ ಸತ್ತದ್ದು, ಅಥವಾ ಹೊಟ್ಟಿನಿಂದ ಗಾಳಿ ಕಟ್ಟಿ ಸತ್ತದ್ದು. ಸ್ಟಾರ್ ಕನೆಕ್ಷನ್ನಿನಲ್ಲಿ ಎರಡು ಫೇಸು ಕಪ್ಪಾಗಿ ಒಂದು ಹೊಸದರಂತೆ ಹೊಳೆಯುತ್ತಿದ್ದರೆ ಸಿಂಗಲ್ ಫೇಸಿಂಗ್: ಲೈನಿನಲ್ಲೋ, ಫ್ಯೂಸಿನಲ್ಲೋ, ಸ್ಟಾರ್ಟರಿನ ಸವೆದ ಪಾಯಿಂಟಿನಲ್ಲೋ ಒಂದು ಫೇಸು ಕಾಣೆಯಾಗಿದೆ, ಉಳಿದೆರಡು ಅದರ ಕೆಲಸವನ್ನೂ ಹೊತ್ತು ಬೆಂದುಹೋಗಿವೆ. ರೈತರ ಪಂಪ್‌ಸೆಟ್ಟುಗಳನ್ನು ಸುಡುವ ಹಳೆಯ ರೋಗವೇ ಇದು. ನನ್ನದು ಎರಡನೆಯ ಬಗೆ. ಆ ಸ್ಟಾರ್ಟರ್ ಇನ್ನೂ ಗೋಡೆಯ ಮೇಲೆ ಹಾಗೇ ಇದೆ. ಅದಕ್ಕೆ 2 ಎಚ್‌ಪಿ ಕಟ್ಟಿದರೂ ಸುಡುತ್ತದೆ, 3 ಎಚ್‌ಪಿ ಕಟ್ಟಿದರೂ ಸುಡುತ್ತದೆ.

ಮೋಟರನ್ನು ವೈಂಡಿಂಗ್ ಅಂಗಡಿಗೆ ಅಥವಾ ಗುಜರಿಗೆ ಒಯ್ಯುವವರಲ್ಲಿ ಒಂದು ವಿನಂತಿ. ತಾಮ್ರ ಕಿತ್ತು ತಕ್ಕಡಿಗೆ ಹಾಕುವ ಮುನ್ನ ಸುರುಳಿಗಳದ್ದೊಂದು ಮತ್ತು ನೇಮ್‌ಪ್ಲೇಟಿನದ್ದೊಂದು ಫೋಟೊ ತೆಗೆದುಕೊಳ್ಳಿ, ಪುಲ್ಲಿಗಳ ಅಳತೆಯನ್ನು ಅದರ ಪಕ್ಕ ಬರೆದಿಡಿ. ಅಂಗಡಿಯವರು ‘ಎಷ್ಟು ಎಚ್‌ಪಿ ಸಾರ್?’ ಎಂದು ಕೇಳಿದಾಗ ಬಾಯಲ್ಲಿ ಹೇಳದೆ ಆ ಎರಡು ಫೋಟೊ ತೋರಿಸಿ.